ಸಿಂಗಪುರಕ್ಕೆ ಟಿಕೆಟ್ ಆಗಿದೆ, ಮಗ ಮಾತ್ರ "ನಾನು ಬರಲ್ಲ" ಅಂತಿದ್ದಾನೆ

ಮೈಸೂರು_ಅಮ್ಮ
ಮಾರ್ಚ್ 8, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ದಯವಿಟ್ಟು.

ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 6 ವರ್ಷದ ಮಗಳು. ಏಪ್ರಿಲ್ 27ಕ್ಕೆ ಸಿಂಗಪುರಕ್ಕೆ ಟಿಕೆಟ್ ಮಾಡಿಸಿದ್ದೇವೆ. ಆರು ದಿನದ ಪ್ರವಾಸ. ಮಗನಿಗೆ 6 ವರ್ಷ ಇದ್ದಾಗಲೇ ಒಮ್ಮೆ ಹೊರಡಬೇಕು ಅಂತ ನಮ್ಮಿಬ್ಬರದು, ಮಗನದು ಪಾಸ್‌ಪೋರ್ಟ್ ಮಾಡಿಸಿದ್ದೆವು. ಆಗ ಮಾವನವರಿಗೆ ಹುಷಾರು ತಪ್ಪಿ ನಿಂತುಹೋಯಿತು. ಆಮೇಲೆ ಮೂರು ವರ್ಷ ಚೀಟಿ ಕಟ್ಟಿ ಈಗ ದುಡ್ಡು ಹೊಂದಿಸಿದ್ದೇವೆ.

ಮಗಳು ದಿನಾ ಎಷ್ಟು ದಿನ ಉಳಿದಿದೆ ಅಂತ ಎಣಿಸುತ್ತಿದ್ದಾಳೆ. ಮಗ ಮೊದಲ ದಿನದಿಂದ ಒಂದೇ ಮಾತು, "ನಾನು ಬರಲ್ಲ, ನೀವು ಹೋಗಿ." ಯಾಕೋ ಅಂದರೆ "ಸುಮ್ನೆ." ಯೂನಿವರ್ಸಲ್ ಸ್ಟುಡಿಯೋಸ್ ವಿಡಿಯೋ ತೋರಿಸಿದೆವು, ಎದ್ದು ಹೋದ. ಜೂ ಇದೆ, ನೈಟ್ ಸಫಾರಿ ಇದೆ ಅಂದೆವು. "ಮೈಸೂರಲ್ಲೂ ಜೂ ಇದೆ" ಅಂದ.

ಮೊನ್ನೆ ಊಟದ ಹೊತ್ತಿಗೆ ಯಜಮಾನರು ಬೈದುಬಿಟ್ಟರು. ಅವರಿಗೆ ತುಂಬಾ ನೋವಾಗಿದೆ. ಅವತ್ತಿನಿಂದ ಅಪ್ಪ ಮಗ ಮಾತಾಡುತ್ತಿಲ್ಲ. ಅಜ್ಜಿ ಮನೆಯಲ್ಲಿ ಬಿಟ್ಟು ನಾವು ಮೂವರೇ ಹೋಗಿಬರೋಣ ಅಂತಲೂ ಮಾತು ಬಂತು. ನನಗೆ ಅದು ಹೇಗೂ ಮನಸ್ಸು ಒಪ್ಪುತ್ತಿಲ್ಲ. ಒಬ್ಬನನ್ನು ಬಿಟ್ಟು ಹೋಗಿ ಅಲ್ಲಿ ಫೋಟೋ ತೆಗೆಸಿಕೊಳ್ಳುವುದು ಹೇಗೆ? ಒತ್ತಾಯ ಮಾಡಿ ಕರೆದುಕೊಂಡು ಹೋಗುವುದೂ ಕಷ್ಟ.

ಇಂಥದ್ದು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆಗಿದೆಯಾ? ಏನು ಮಾಡಿದಿರಿ?

ದೊಡ್ಡಪೇಟೆ
ಮಾರ್ಚ್ 8, ರಾತ್ರಿ 11.05

ಮೇಡಂ, ತುಂಬಾ ಯೋಚನೆ ಮಾಡಬೇಡಿ. 11 ವರ್ಷದ ಹುಡುಗ ಮನೆಯ ತೀರ್ಮಾನ ಮಾಡಬಾರದು. ಕರೆದುಕೊಂಡು ಹೋಗಿ. ವಿಮಾನ ಮೇಲಕ್ಕೆ ಹೋದ ತಕ್ಷಣ ಸರಿಹೋಗುತ್ತಾನೆ. ನಮ್ಮ ಅಣ್ಣನ ಮಕ್ಕಳೂ ಹೀಗೇ ಹಠ ಮಾಡಿದ್ದರು, ಆಮೇಲೆ ವಾಪಸ್ ಬರುವಾಗ ಅತ್ತರು.

ಕುಂದಾಪುರದ_ಟೀಚರ್
ಮಾರ್ಚ್ 9, ಬೆಳಿಗ್ಗೆ 6.20

ಅಕ್ಕ, 22 ವರ್ಷದಿಂದ ಈ ವಯಸ್ಸಿನ ಮಕ್ಕಳಿಗೇ ಪಾಠ ಮಾಡುತ್ತಿದ್ದೇನೆ. ಅವರ ಬಾಯಲ್ಲಿ "ಸುಮ್ನೆ" ಬಂದರೆ ಅದರ ಹಿಂದೆ ಯಾವಾಗಲೂ ಏನೋ ಇರುತ್ತೆ. ಹೇಳಿದರೆ ದೊಡ್ಡವರು "ಅಷ್ಟೇನಾ?" ಅಂದುಬಿಡುತ್ತಾರೆ ಅಂತ ಹೇಳುವುದಿಲ್ಲ.

ನೀವು ಇದುವರೆಗೆ ಅವನಿಗೆ ಅಲ್ಲಿ ಏನೇನು ಸಿಗುತ್ತೆ ಅಂತ ಹೇಳಿದ್ದೀರಿ. ಆ ಆರು ದಿನದಲ್ಲಿ ಇಲ್ಲಿ ಅವನಿಗೆ ಏನು ತಪ್ಪಿಹೋಗುತ್ತೆ ಅಂತ ಕೇಳಿದ್ದೀರಾ? ಕ್ಯಾಲೆಂಡರ್ ಮುಂದೆ ಇಟ್ಟು ಕೇಳಿ. ಏಪ್ರಿಲ್ 27ರಿಂದ ಅವನ ರಜೆಯಲ್ಲಿ ಏನಿತ್ತು? ಕ್ರಿಕೆಟ್ ಕ್ಯಾಂಪಾ, ಗೆಳೆಯನ ಹುಟ್ಟುಹಬ್ಬವಾ, ಊರಾ? ಅಪ್ಪನ ಎದುರು ಬೇಡ. ನೀವಿಬ್ಬರೇ ಇರುವಾಗ, ಮುಖಕ್ಕೆ ಮುಖ ಕೊಟ್ಟು ಕೂರದೆ, ಏನಾದರೂ ಕೆಲಸ ಮಾಡುತ್ತಾ ಕೇಳಿ. ಅವರೆಕಾಳು ಸುಲಿಯುವಾಗಲೋ, ಬಟ್ಟೆ ಮಡಚುವಾಗಲೋ. ಮಕ್ಕಳು ಆಗಲೇ ಬಾಯಿ ಬಿಡುವುದು.

ಕಿವಿನೋವು_ಅಪ್ಪ
ಮಾರ್ಚ್ 9, ಬೆಳಿಗ್ಗೆ 8.15

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮಗಳು 8 ವರ್ಷ ಇದ್ದಾಗ ಕೊಲಂಬೋಗೆ ಬರಲ್ಲ ಅಂತ ಹಠ ಹಿಡಿದಿದ್ದಳು. ಎರಡು ವಾರ ಆದ ಮೇಲೆ ಗೊತ್ತಾಯಿತು, ಅದರ ಹಿಂದಿನ ವರ್ಷ ದೆಹಲಿಗೆ ಹೋದಾಗ ವಿಮಾನ ಇಳಿಯುವಾಗ ಕಿವಿ ನೋವು ಬಂದು ತುಂಬಾ ಅತ್ತಿದ್ದಳು. ನಾವು ಮರೆತಿದ್ದೆವು, ಅವಳು ಮರೆತಿರಲಿಲ್ಲ.

ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತೆ. ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆದುಕೊಳ್ಳದಿದ್ದರೆ ನೋವು ಬರುತ್ತೆ. ಮಕ್ಕಳಲ್ಲಿ ಆ ನಾಳ ಇನ್ನೂ ಸಣ್ಣದು, ನೆಗಡಿ ಇದ್ದರಂತೂ ಜಾಸ್ತಿ. ಏನಾದರೂ ಚೀಪುತ್ತಾ, ನುಂಗುತ್ತಾ ಇದ್ದರೆ ತೆರೆದುಕೊಳ್ಳುತ್ತೆ. ಇಳಿಯುವ ಹೊತ್ತಿಗೆ ಮಲಗಿದ್ದರೆ ಎಬ್ಬಿಸಿ, ಕುಡಿಯಲು ಕೊಡಿ. ಕೊಲಂಬೋಗೆ ಹೋಗುವಾಗ ಹುಣಸೆ ಚಿಗಳಿ ಮಾಡಿ ಕೊಟ್ಟಿದ್ದೆವು. ಇಳಿಯುವವರೆಗೆ ಚೀಪುತ್ತಾ ಕೂತಳು, ನೋವು ಬರಲಿಲ್ಲ.

ಸಿಂಗಪುರಕ್ಕೆ ಚೂಯಿಂಗ್ ಗಮ್ ಮಾತ್ರ ತೆಗೆದುಕೊಂಡು ಹೋಗಬೇಡಿ. 1992ರಿಂದ ಅಲ್ಲಿ ಅದಕ್ಕೆ ನಿಷೇಧ ಇದೆ. ಚಿಗಳಿ, ಪೆಪ್ಪರಮೆಂಟು, ಕಲ್ಲುಸಕ್ಕರೆ ಸಾಕು.

ಆ_ಹುಡುಗಿ_ನಾನೇ
ಮಾರ್ಚ್ 9, ಮಧ್ಯಾಹ್ನ 1.30

ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ಬರಲ್ಲ ಅಂದ ಮಗು ನಾನು.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಅಪ್ಪ ಯುರೋಪ್ ಪ್ರವಾಸಕ್ಕೆ ದುಡ್ಡು ಕಟ್ಟಿದ್ದರು. ಬಸ್ಸಿನಲ್ಲಿ ಸುತ್ತುವ ಗುಂಪು ಪ್ರವಾಸ, 11 ದಿನ. ನಮ್ಮ ಕ್ಲಾಸಿನ ಐದು ಜನ ಹುಡುಗಿಯರು ಆ ಬೇಸಿಗೆ ಆದ ಮೇಲೆ ಬೇರೆ ಬೇರೆ ಊರಿಗೆ ಹೋಗುವವರಿದ್ದೆವು. ಒಬ್ಬಳ ಅಪ್ಪನಿಗೆ ಗುವಾಹಟಿಗೆ ವರ್ಗ ಆಗಿತ್ತು. ನಾನು ವಾಪಸ್ ಬರುವಷ್ಟರಲ್ಲಿ ಅವಳು ಹೋಗಿರುತ್ತಿದ್ದಳು. ಅದನ್ನು ಅಪ್ಪನಿಗೆ ಹೇಳಿದೆ. "ಫೋನ್ ಇಲ್ವಾ, ಮಾತಾಡು" ಅಂದರು.

ಹೋದೆ. ದಿನಾ ಬೆಳಿಗ್ಗೆ 6ಕ್ಕೆ ಎಬ್ಬಿಸುತ್ತಿದ್ದರು. ಪ್ಯಾರಿಸ್ ಏನೂ ನೆನಪಿಲ್ಲ. ಕೊಲೋನ್‌ನಲ್ಲಿ ದೊಡ್ಡ ಚರ್ಚ್ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡಾಗ ನಾನು ಬಸ್ಸಿನಿಂದ ಇಳಿಯಲೇ ಇಲ್ಲ. ಅಮ್ಮ ಅತ್ತರು.

ಸ್ವಿಟ್ಜರ್ಲೆಂಡಿಗೆ ಬಂದೆವು. ಅವತ್ತು ಎಲ್ಲರೂ ಯುಂಗ್‌ಫ್ರೌಯೋಖ್‌ಗೆ ಹೋಗುವ ದಿನ. 3,454 ಮೀಟರ್ ಎತ್ತರಕ್ಕೆ ರೈಲು ಹೋಗುತ್ತೆ, ಇಡೀ ಪ್ರವಾಸದಲ್ಲಿ ಅಪ್ಪ ಕಾಯುತ್ತಿದ್ದದ್ದು ಅದಕ್ಕೇ. ನಾನು ಹೋಟೆಲಿನಲ್ಲೇ ಇರುತ್ತೇನೆ ಅಂದೆ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಮತ್ತು ತಮ್ಮನನ್ನು ಗುಂಪಿನ ಜೊತೆ ಕಳಿಸಿ ಅವರೂ ಉಳಿದುಕೊಂಡರು. ಮಧ್ಯಾಹ್ನ ಇಬ್ಬರೂ ಲೂಸರ್ನ್ ಊರಿನ ಹಳೆಯ ಮರದ ಸೇತುವೆ ಹತ್ತಿರ ನೀರಿನ ಪಕ್ಕ ಕೂತೆವು. ಹಂಸಗಳಿದ್ದವು. ಅಪ್ಪ ಒಂದು ಗಂಟೆ ಸುಮ್ಮನೆ ಕೂತಿದ್ದರು. ಆಮೇಲೆ, "ಆ ಹುಡುಗಿ ಹೆಸರೇನು, ಗುವಾಹಟಿಗೆ ಹೋದವಳು?" ಅಂತ ಕೇಳಿದರು. ನಾನು ಅವಳ ಬಗ್ಗೆ ಸಂಜೆವರೆಗೆ ಮಾತಾಡಿದೆ.

ಇದಾಗಿ 15 ವರ್ಷ ಆಯಿತು. ಆ ಪ್ರವಾಸದಲ್ಲಿ ನನಗೆ ಉಳಿದದ್ದು ಆ ಮಧ್ಯಾಹ್ನ ಒಂದೇ. ಅಪ್ಪ ಈಗ ಇಲ್ಲ. ಆ ಬೆಟ್ಟವನ್ನು ಅವರು ನೋಡಲೇ ಇಲ್ಲ.

ಅಕ್ಕ, ಊರಲ್ಲಿದ್ದಾಗಲೇ ಕೇಳಿ.

ಮೈಸೂರು_ಅಮ್ಮ
ಮಾರ್ಚ್ 11, ರಾತ್ರಿ 9.50

ಕೊನೆಯ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಯಜಮಾನರಿಗೂ ಓದಿಸಿದೆ. ಅವರು ಎದ್ದು ಬಾಲ್ಕನಿಗೆ ಹೋದರು.

ಟೀಚರ್, ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಸಂಜೆ ಬಟ್ಟೆ ಮಡಚುತ್ತಾ ಕೇಳಿದೆ. "ಆ ವಾರ ನೀನು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ?" ಒಂದೇ ಉಸಿರಿಗೆ ಹೇಳಿಬಿಟ್ಟ.

ನನ್ನ ತವರು ಸಿದ್ದಾಪುರದ ಹತ್ತಿರ. ಪ್ರತಿ ಬೇಸಿಗೆ ಅಣ್ಣನ ಮಕ್ಕಳು, ತಂಗಿಯ ಮಕ್ಕಳು ಎಲ್ಲ ಅಲ್ಲಿ ಸೇರುತ್ತಾರೆ. ಏಪ್ರಿಲ್ ಕೊನೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡುವ ವಾರ. ಅಜ್ಜಿ ಮಕ್ಕಳಿಗೇ ಕೆಲಸ ಹಂಚುತ್ತಾರೆ. ಕಾಯಿ ಬಿಡಿಸುವವರು ಕೆಲವರು, ಹಪ್ಪಳ ಒತ್ತುವವರು ಕೆಲವರು. ಅಂಗಳದಲ್ಲಿ ಒಣಗಿಸಿದ್ದಕ್ಕೆ ಕಾಗೆ ಬರದ ಹಾಗೆ ಕಾಯುವುದು ಚಿಕ್ಕವರ ಕೆಲಸ. ಇವನು ಮೂರು ವರ್ಷದಿಂದ ಕಾಗೆ ಕಾಯುತ್ತಿದ್ದಾನಂತೆ. ಈ ವರ್ಷ ಹಪ್ಪಳ ಒತ್ತಲು ಕೂರಿಸುತ್ತೇನೆ ಅಂತ ಅಜ್ಜಿ ದೀಪಾವಳಿಯಲ್ಲಿ ಮಾತು ಕೊಟ್ಟಿದ್ದಾರೆ.

ನನಗೆ ಇದು ಗೊತ್ತೇ ಇರಲಿಲ್ಲ. ಅಕ್ಟೋಬರಿನಿಂದ ಅವನು ಕಾಯುತ್ತಿದ್ದದ್ದು ಇದಕ್ಕೆ. ನಾವು ಕ್ಯಾಲೆಂಡರ್ ನೋಡಿ ಟಿಕೆಟ್ ಅಗ್ಗ ಇದ್ದ ವಾರ ಆರಿಸಿಕೊಂಡೆವು.

"ಮೊದಲೇ ಯಾಕೋ ಹೇಳಲಿಲ್ಲ?" ಅಂದೆ. "ಹಪ್ಪಳಕ್ಕೋಸ್ಕರ ಸಿಂಗಪುರ ಬೇಡ ಅಂತೀಯಾ ಅಂತ ಅಪ್ಪ ನಗುತ್ತಾರೆ" ಅಂದ.

ಈಗ ಕಷ್ಟ ಏನೆಂದರೆ ಯಜಮಾನರು. ಅವರು ನಗಲಿಲ್ಲ. ಆದರೆ "ಮೂರು ವರ್ಷ ಚೀಟಿ ಕಟ್ಟಿದ್ದು ಹಪ್ಪಳಕ್ಕಿಂತ ಕಡಿಮೆ ಆಯಿತಾ?" ಅಂತ ಒಂದು ಸಲ ಕೇಳಿ ಸುಮ್ಮನಾದರು.

ಹುಬ್ಬಳ್ಳಿ_ಅಪ್ಪಾಜಿ
ಮಾರ್ಚ್ 11, ರಾತ್ರಿ 11.20

ತಂಗಿ, ನಿಮ್ಮ ಯಜಮಾನರ ಪರವಾಗಿ ಎರಡು ಮಾತು. ಅವರನ್ನು ಯಾರೂ ತಪ್ಪು ತಿಳಿಯಬೇಡಿ. ನಮ್ಮ ಅಪ್ಪ ನಮ್ಮನ್ನು ಗೋಕರ್ಣದಿಂದ ಆಚೆ ಎಲ್ಲೂ ಕರೆದುಕೊಂಡು ಹೋಗಲಿಲ್ಲ. ಅವರಿಗೆ ಆಗುತ್ತಿರಲಿಲ್ಲ. ನಮ್ಮ ಮಕ್ಕಳಿಗಾದರೂ ತೋರಿಸಬೇಕು ಅಂತ ಒಂದೊಂದು ರೂಪಾಯಿ ಕೂಡಿಸುತ್ತೇವೆ. ಮಗ ಬೇಡ ಅಂದಾಗ ನಮಗೆ ಪ್ರವಾಸ ಬೇಡ ಅಂದ ಹಾಗೆ ಕೇಳಿಸುವುದಿಲ್ಲ. ನೀನೇ ಬೇಡ ಅಂದ ಹಾಗೆ ಕೇಳಿಸುತ್ತದೆ.

ನಾನು ಇದರಲ್ಲಿ ತಪ್ಪಿದ್ದೇನೆ. ದುಬೈಗೆ ಹೋಗಿದ್ದೆವು. ಮಗನಿಗೆ 12. ಮೊದಲಿಂದಲೂ ಮುಖ ಗಂಟು. ಬುರ್ಜ್ ಖಲೀಫಾ ಕೆಳಗೆ ನಿಂತು, "ನೋಡೋ, 828 ಮೀಟರ್, ಜಗತ್ತಿನಲ್ಲೇ ಎತ್ತರದ್ದು" ಅಂದೆ. ಅವನು ತಲೆ ಎತ್ತಲಿಲ್ಲ. ಅಷ್ಟು ಜನರ ನಡುವೆ ಕೂಗಾಡಿದೆ. "ಇದಕ್ಕೆ ಎಷ್ಟು ಖರ್ಚಾಗಿದೆ ಗೊತ್ತಾ ನಿನಗೆ" ಅಂದೆ. ಅವನು ತಲೆ ಎತ್ತಿದ, ಕಟ್ಟಡ ನೋಡಲಿಲ್ಲ, ನನ್ನನ್ನು ನೋಡಿದ. ಆ ನೋಟ ಇವತ್ತಿಗೂ ಮರೆತಿಲ್ಲ. ಈಗ ಅವನಿಗೆ 20. ಎಲ್ಲಿಗೆ ಕರೆದರೂ "ನಿಮಗೆ ಖರ್ಚು ಬೇಡ ಅಪ್ಪಾ" ಅಂತಾನೆ. ಅವನು ಕೋಪದಿಂದ ಹೇಳುವುದಿಲ್ಲ, ನಿಜವಾಗಿ ಹಾಗೇ ನಂಬಿದ್ದಾನೆ.

ಖರ್ಚಿನ ಮಾತು ಮಗುವಿನ ಎದುರು ಎತ್ತಬೇಡಿ ಅಂತ ಯಜಮಾನರಿಗೆ ಹೇಳಿ. ಟಿಕೆಟ್ ದಿನ ಬದಲಾಯಿಸಲು ಎಷ್ಟು ದಂಡ ಬೀಳುತ್ತದೆ ಕೇಳಿದ್ದೀರಾ? ಒಂದೂವರೆ ತಿಂಗಳು ಇರುವಾಗ ಕೇಳಿದರೆ ಕೊನೆಯ ವಾರಕ್ಕಿಂತ ಕಡಿಮೆ ಇರಬಹುದು. ವೀಸಾಗೆ ಹಾಕಿದ್ದೀರಾ?

ದೊಡ್ಡಪೇಟೆ
ಮಾರ್ಚ್ 12, ಬೆಳಿಗ್ಗೆ 7.10

ಮೊದಲು ನಾನು ಬರೆದದ್ದು ಅವಸರದ ಮಾತಾಯಿತು. ಹಪ್ಪಳದ ವಿಷಯ ಓದಿದ ಮೇಲೆ ಬೇರೆ ಅನ್ನಿಸಿತು. ದಿನ ಬದಲಾಯಿಸಲು ಆದರೆ ಬದಲಾಯಿಸಿ. ಆದರೆ ಒಂದು ಮಾತು ಬಿಡುವುದಿಲ್ಲ. ಬದಲಾಯಿಸಿದ ಮೇಲೆ "ಆಮೇಲೂ ಬರಲ್ಲ" ಅನ್ನುವ ದಾರಿ ಇರಬಾರದು. ಅವನ ಮಾತಿಗೆ ನೀವು ಬೆಲೆ ಕೊಟ್ಟಿರಿ, ನಿಮ್ಮ ಮಾತಿಗೆ ಅವನೂ ಕೊಡಬೇಕು.

ಮ್ಯೂನಿಕ್_ದಾವಣಗೆರೆ
ಮಾರ್ಚ್ 12, ಮಧ್ಯಾಹ್ನ 3.00

ನಮ್ಮದು ತಿರುಗುಮುರುಗು ಕಥೆ. ನಮಗೆ ತವರೂರು ಅನ್ನಿಸುವ ಜಾಗ ನಮ್ಮ ಮಗನಿಗೆ ಹೊರದೇಶ. ಅವನು ಹುಟ್ಟಿ ಬೆಳೆದದ್ದು ಇಲ್ಲಿ, ಜರ್ಮನಿಯಲ್ಲಿ. ಈಗ 13. ಕಳೆದ ವರ್ಷ ದಾವಣಗೆರೆಗೆ ಬರಲ್ಲ ಅಂದ.

ಇಲ್ಲಿ ಬವೇರಿಯಾದಲ್ಲಿ ಬೇಸಿಗೆ ರಜೆ ಆರು ವಾರ, ಆಗಸ್ಟ್ ಮತ್ತು ಸೆಪ್ಟೆಂಬರ್ ಅರ್ಧ. ಶಾಲೆ ನಡೆಯುವಾಗ ಪ್ರವಾಸಕ್ಕೆ ಅಂತ ಮಗುವನ್ನು ಬಿಡಿಸಿಕೊಂಡು ಹೋಗುವ ಹಾಗಿಲ್ಲ, ದಂಡ ಹಾಕುತ್ತಾರೆ. ಹಾಗಾಗಿ ನಾವು ಊರಿಗೆ ಬರುವುದೂ ಅದೇ ಆರು ವಾರದಲ್ಲಿ, ಅವನ ಗೆಳೆಯರು ಕೆರೆಯಲ್ಲಿ ಈಜುವುದೂ ಅದೇ ಆರು ವಾರದಲ್ಲಿ. ನಾವು ನಾಲ್ಕು ವಾರ ಊರಲ್ಲಿ ಇರುತ್ತಿದ್ದೆವು.

ಕೂರಿಸಿ ಕೇಳಿದಾಗ ಒಂದು ಪಟ್ಟಿಯನ್ನೇ ಕೊಟ್ಟ. ದಿನಾ ಎರಡು ಮನೆಗೆ ಊಟಕ್ಕೆ ಹೋಗಬೇಕು. ಎಲ್ಲರೂ ಕೆನ್ನೆ ಹಿಂಡುತ್ತಾರೆ. "ಕನ್ನಡದಲ್ಲಿ ಏನಾದರೂ ಮಾತಾಡು" ಅಂತಾರೆ. ಮಾತಾಡಿದರೆ ನಗುತ್ತಾರೆ. ಅವರೆಲ್ಲ ಪ್ರೀತಿಯಿಂದಲೇ ನಗುವುದು, ನನಗೆ ಗೊತ್ತು. ಅವನಿಗೆ ಅದು ಪರೀಕ್ಷೆ. ಕೊನೆಗೆ ಅವನು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. "ಅಲ್ಲಿ ನಾನು ಯಾರಿಗೂ ಬೇಕಾಗಿಲ್ಲ. ನಿಮ್ಮ ಮಗ ಬೇಕು ಅಷ್ಟೇ."

ನಾವು ಮಾಡಿದ್ದು ಇಷ್ಟು. ನಾಲ್ಕು ವಾರವನ್ನು ಎರಡೂವರೆಗೆ ಇಳಿಸಿದೆವು. ಊಟದ ಮನೆಗಳನ್ನು ಒಟ್ಟು ಐದಕ್ಕೆ ಇಳಿಸಿದೆವು. ಇದಕ್ಕೆ ಅಮ್ಮನ ಜೊತೆ ಸ್ವಲ್ಪ ಜಗಳವೇ ಆಯಿತು. ಮತ್ತೆ ಅವನನ್ನು ನಮ್ಮ ಜೊತೆ ಎಳೆದುಕೊಂಡು ಓಡಾಡುವುದು ಬಿಟ್ಟು ನನ್ನ ಭಾವನ ಜೊತೆ ಬಿಟ್ಟೆವು. ಅವರದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ದಿನಾ ಬೆಳಿಗ್ಗೆ ಬೈಕ್ ಹಿಂದೆ ಕೂತು ಹೋಗುತ್ತಿದ್ದ, ದಾರಿಯಲ್ಲಿ ಬೆಣ್ಣೆದೋಸೆ, ಆಮೇಲೆ ಅಂಗಡಿ. ತಂತಿ ಸುತ್ತುವುದು ಕಲಿತ. ಅಲ್ಲಿ ಯಾರೂ ಕನ್ನಡ ಮಾತಾಡು ಅನ್ನಲಿಲ್ಲ. "ಆ ಸ್ಪ್ಯಾನರ್ ಕೊಡೋ" ಅಂದರು, ಕೊಟ್ಟ. ಹತ್ತು ದಿನದಲ್ಲಿ ಅವನ ಕನ್ನಡ ಎಷ್ಟು ಚೆನ್ನಾಗಾಯಿತು ಅಂದರೆ ಅಮ್ಮನಿಗೆ ನಂಬಲು ಆಗಲಿಲ್ಲ.

ನಿಮ್ಮ ಮಗನಿಗೆ ಅಜ್ಜಿ ಮನೆಯಲ್ಲಿ ಒಂದು ಕೆಲಸ ಇದೆ. ಅವನು ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತೆ. ಅವನಿಗಿದ್ದ ಭಯ ಅದೇ ಅಂತ ನನಗೆ ಅನ್ನಿಸುತ್ತೆ. ಸಿಂಗಪುರದಲ್ಲಿ ಅವನಿಗೆ ಏನು ಕೆಲಸ? ಸುಮ್ಮನೆ ಹಿಂದೆ ಹಿಂದೆ ಬರುವುದಾ?

ನೀಲಿ_ಆಕಾಶ
ಮಾರ್ಚ್ 12, ಸಂಜೆ 5.45

ಒಂದು ಚಿಕ್ಕ ಮಾತು, ಮುಂದೆ ಇದನ್ನು ಓದುವ ಬೇರೆ ಅಪ್ಪ ಅಮ್ಮಂದಿರಿಗೆ. ನಮ್ಮ ಮಗನಿಗೆ ಆಟಿಸಂ ಇದೆ. ಅವನು ಬರಲ್ಲ ಅಂದರೆ ಅದು ಹಠ ಅಲ್ಲ, ಗದ್ದಲ ಮತ್ತು ಸರತಿ ಸಾಲಿನ ಭಯ. ಮುಂಚೆಯೇ ಎರಡು ಸಲ ಬೆಂಗಳೂರು ವಿಮಾನ ನಿಲ್ದಾಣದ ಹೊರಗೆ ಸುಮ್ಮನೆ ಹೋಗಿ ಕೂತು ಬಂದೆವು. ಒಳಗಿನ ಒಂದೊಂದು ಹಂತವನ್ನೂ ಫೋಟೋದಲ್ಲಿ ತೋರಿಸಿದೆವು. ಸೂರ್ಯಕಾಂತಿ ಹೂವಿನ ಚಿತ್ರ ಇರುವ ಹಸಿರು ಪಟ್ಟಿಯೊಂದನ್ನು ಕೊರಳಿಗೆ ಹಾಕುತ್ತಾರೆ, ಕಣ್ಣಿಗೆ ಕಾಣದ ತೊಂದರೆ ಇರುವವರಿಗೆ. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಶುರುವಾದದ್ದು, ಈಗ ಬೆಂಗಳೂರಿನಲ್ಲೂ ಇದೆ. ಅದನ್ನು ನೋಡಿದ ಸಿಬ್ಬಂದಿ ಅವಸರ ಮಾಡುವುದಿಲ್ಲ. ಕೇಳಿ ಪಡೆಯಿರಿ, ನಾಚಿಕೆ ಬೇಡ.

ಸೆಂಗ್‌ಕಾಂಗ್_ಕನ್ನಡಿಗ
ಮಾರ್ಚ್ 13, ರಾತ್ರಿ 8.30

ನಾನು ಸಿಂಗಪುರಕ್ಕೆ ಬಂದು 9 ವರ್ಷ ಆಯಿತು. ಊರಿಂದ ಬರುವವರನ್ನು ನೋಡಿ ನೋಡಿ ಒಂದು ಗೊತ್ತಾಗಿದೆ. ಮಕ್ಕಳು ಇಲ್ಲಿ ಸಿಡುಕುವುದಕ್ಕೆ ಅರ್ಧ ಕಾರಣ ಸುಸ್ತು. ಇದು ಸಮಭಾಜಕ ವೃತ್ತದ ಹತ್ತಿರ ಇರುವ ಊರು. ಬಿಸಿಲಿಗಿಂತ ಸೆಕೆ ಜಾಸ್ತಿ, ಮಂಗಳೂರಿನ ಹಾಗೆ. ಮಧ್ಯಾಹ್ನ ಒಮ್ಮೊಮ್ಮೆ ಜೋರು ಮಳೆ. ಬಂದವರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ಅಂತ ಓಡುತ್ತಾರೆ. ದಿನಕ್ಕೆ ಒಂದೇ ಇಟ್ಟುಕೊಳ್ಳಿ.

ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ವರ್ಷವಿಡೀ ಬೆಳಗಾಗುವುದೇ 7 ಗಂಟೆ ಸುಮಾರಿಗೆ. ಆದ್ದರಿಂದ ಮಕ್ಕಳನ್ನು ಬೇಗ ಎಬ್ಬಿಸಲು ಹೋಗಬೇಡಿ, ಅವರ ಮೈಗೆ ಅದು ನಡುರಾತ್ರಿ.

ಮ್ಯೂನಿಕ್ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ, ಅವನಿಗೆ ರೈಲು ಕೊಡಿ. ಇಲ್ಲಿನ ಎಂಆರ್‌ಟಿ, ಅಂದರೆ ಮೆಟ್ರೋ ರೈಲಿನ ನಕ್ಷೆ ಬಣ್ಣ ಬಣ್ಣದ್ದು, 11 ವರ್ಷದ ಹುಡುಗನಿಗೆ ಅರ್ಧ ಗಂಟೆ ಸಾಕು. ಯಾವ ಸಾಲು, ಎಲ್ಲಿ ಬದಲಾಯಿಸಬೇಕು, ಯಾವ ಬಾಗಿಲು, ಎಲ್ಲ ಅವನೇ ಹೇಳಲಿ. ನೀವು ಹಿಂದೆ ಹೋಗಿ. ತಪ್ಪಿದರೂ ಪರವಾಗಿಲ್ಲ, ಐದು ನಿಮಿಷದಲ್ಲಿ ಇನ್ನೊಂದು ರೈಲು. ನಾರ್ತ್ ಈಸ್ಟ್ ಸಾಲಿನ ರೈಲಿಗೆ ಡ್ರೈವರ್ ಇಲ್ಲ, 2003ರಿಂದ ಹಾಗೇ ಓಡುತ್ತಿದೆ. ಮುಂದಿನ ಗಾಜಿನ ಹತ್ತಿರ ನಿಂತರೆ ಸುರಂಗ ಕಾಣುತ್ತೆ. ಅದರಲ್ಲಿ ಪುಂಗೋಲ್‌ಗೆ ಹೋಗಿ. ಅಲ್ಲಿಂದ ಚಿಕ್ಕ ಎಲ್‌ಆರ್‌ಟಿ ರೈಲು ಮೇಲ್ಸೇತುವೆ ಮೇಲೆ ಮನೆಗಳ ಮಧ್ಯೆ ಒಂದು ಸುತ್ತು ಹಾಕಿ ವಾಪಸ್ ಬರುತ್ತೆ. ಅದಕ್ಕೂ ಡ್ರೈವರ್ ಇಲ್ಲ. ಪ್ರವಾಸಿಗರು ಯಾರೂ ಅಲ್ಲಿಗೆ ಬರುವುದಿಲ್ಲ. ನಮ್ಮ ಊರಿನ ಮಕ್ಕಳಿಗೆಲ್ಲ ಇಷ್ಟ ಆಗಿದೆ.

ರೈಲಿನಲ್ಲಿ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. 500 ಡಾಲರ್‌ವರೆಗೆ ದಂಡ. ಚಿಕ್ಕವಳ ಕೈಗೆ ಬಿಸ್ಕತ್ ಕೊಡಬೇಡಿ. ಸಸ್ಯಾಹಾರಕ್ಕೆ ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ ಇದೆ, 1947ರಿಂದ ಇರುವ ಹೋಟೆಲ್. ದೋಸೆ, ಊಟ ಎಲ್ಲ ಸಿಗುತ್ತೆ. ಜೂ ಇರುವುದು ಮಂಡಾಯ್‌ನಲ್ಲಿ. ಮೈಸೂರಿನವರಿಗೆ ಜೂ ಹೊಸದಲ್ಲ ನಿಜ, ಆದರೆ ಇಲ್ಲಿ ಒರಾಂಗುಟಾನ್‌ಗಳು ತಲೆಯ ಮೇಲಿನ ಮರಗಳಲ್ಲೇ ಓಡಾಡುತ್ತವೆ. ಪಕ್ಕದಲ್ಲೇ 2023ರಲ್ಲಿ ತೆರೆದ ಬರ್ಡ್ ಪ್ಯಾರಡೈಸ್ ಇದೆ. ಎರಡನ್ನೂ ಒಂದೇ ದಿನ ಮಾಡಬೇಡಿ.

ಕಾಗದಪತ್ರದ ಮಾತು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ. ಒಳಗೆ ಬರುವಾಗ ಆರು ತಿಂಗಳ ಅವಧಿ ಉಳಿದಿರಬೇಕು. ಮಗನದು ಅವನಿಗೆ 6 ವರ್ಷ ಇದ್ದಾಗ ಮಾಡಿಸಿದ್ದು ಅಂದಿರಿ. ಈಗಲೇ ತೆಗೆದು ನೋಡಿ. ವೀಸಾ ಬಂದ ಮೇಲೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ತುಂಬಬೇಕು, ಬರುವ ಮೂರು ದಿನದ ಒಳಗೆ. ಅದು ಉಚಿತ, ಅದಕ್ಕೆ ದುಡ್ಡು ಕೇಳುವ ಜಾಲತಾಣಗಳಿಗೆ ಕೊಡಬೇಡಿ.

ಮೈಸೂರು_ಅಮ್ಮ
ಮಾರ್ಚ್ 13, ರಾತ್ರಿ 9.15

ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಲಿ. ಈಗ ತೆಗೆದು ನೋಡಿದೆ. ಮಗನ ಪಾಸ್‌ಪೋರ್ಟ್ ಆಗಸ್ಟಿಗೆ ಮುಗಿಯುತ್ತೆ. ನಮ್ಮದು ಹತ್ತು ವರ್ಷದ್ದು, ಮಗಳದು ಹೋದ ವರ್ಷದ್ದು. ಇವನದನ್ನು ನಾವು ನೋಡಿರಲೇ ಇಲ್ಲ.

ಮೈಸೂರು_ಅಮ್ಮ
ಏಪ್ರಿಲ್ 4, ಮಧ್ಯಾಹ್ನ 12.30

ಆದದ್ದು ಹೇಳುತ್ತೇನೆ. ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮಗನದು ಹೊಸದಾಗಿ ಮಾಡಿಸಿದೆವು. ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ಯಜಮಾನರು ರಜೆ ಹಾಕಿ ಬಂದರು. ಸರತಿಯಲ್ಲಿ ಅಪ್ಪ ಮಗ ಅಕ್ಕಪಕ್ಕ ಒಂದೂವರೆ ಗಂಟೆ ಕೂತಿದ್ದರು. ನಾನು ಮಗಳನ್ನು ಕರೆದುಕೊಂಡು ಬೇಕೆಂದೇ ಹೊರಗೆ ಹೋದೆ. ವಾಪಸ್ ಬಂದಾಗ ಹಪ್ಪಳ ತೆಳ್ಳಗೆ ಬರಲು ಮಣೆ ಮೇಲೆ ಎಷ್ಟು ಎಣ್ಣೆ ಸವರಬೇಕು ಅಂತ ಮಗ ಹೇಳುತ್ತಿದ್ದ. ಯಜಮಾನರು ಕೇಳುತ್ತಿದ್ದರು.

ಟಿಕೆಟ್ ಮೇ 18ಕ್ಕೆ ಬದಲಾಯಿಸಿದೆವು. ನಾಲ್ಕು ಜನಕ್ಕೂ ಸೇರಿ ದಂಡ ಮತ್ತು ಹೆಚ್ಚಿನ ದರ ಕಟ್ಟಬೇಕಾಯಿತು, ಸಣ್ಣ ಮೊತ್ತ ಅಲ್ಲ. ಯೂನಿವರ್ಸಲ್ ಸ್ಟುಡಿಯೋಸ್ ಕೈಬಿಟ್ಟೆವು. ಅಲ್ಲಿಗೆ ಹೋಗಬೇಕು ಅಂತ ಆಸೆ ಇದ್ದದ್ದು ನಮ್ಮ ಯಜಮಾನರಿಗೇ. ಅವರೇ ಬೇಡ ಅಂದರು. ಖರ್ಚಿನ ಮಾತು ಮಗನ ಎದುರು ಬರಲಿಲ್ಲ, ಹುಬ್ಬಳ್ಳಿ ಅಣ್ಣ.

ಕುಂದಾಪುರದ_ಟೀಚರ್
ಏಪ್ರಿಲ್ 4, ಸಂಜೆ 4.00

ಅಕ್ಕ, ತುಂಬಾ ಸಂತೋಷ ಆಯಿತು. ಹೋಗಿಬಂದ ಮೇಲೆ ಖಂಡಿತ ಬರೆಯಿರಿ. ಚೆನ್ನಾಗಿ ಆಗದಿದ್ದದ್ದನ್ನೂ ಬರೆಯಿರಿ.

ಮೈಸೂರು_ಅಮ್ಮ
ಮೇ 28, ರಾತ್ರಿ 10.00

ಬಂದು ನಾಲ್ಕು ದಿನ ಆಯಿತು. ಟೀಚರ್ ಹೇಳಿದ ಹಾಗೆ ಎಲ್ಲ ಬರೆಯುತ್ತೇನೆ.

ಮೊದಲು ಸಿದ್ದಾಪುರ. ಏಪ್ರಿಲ್ 20ರಿಂದ ಮೂರು ವಾರ ಇದ್ದ. ಹಪ್ಪಳ ಒತ್ತಿದ. ಮೊದಲ ದಿನದ್ದೆಲ್ಲ ದಪ್ಪ ಬಂತು. ಅಜ್ಜಿ ಅದನ್ನು ಬೇರೆ ಡಬ್ಬಿಗೆ ಹಾಕಿ ಅವನ ಹೆಸರು ಬರೆದಿದ್ದಾರೆ.

ಸಿಂಗಪುರದ ಮೊದಲ ದಿನ ಚೆನ್ನಾಗಿರಲಿಲ್ಲ. ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್‌ನಲ್ಲಿ 40 ಮೀಟರ್ ಎತ್ತರದಿಂದ ನೀರು ಬೀಳುತ್ತೆ, ಕಟ್ಟಡದ ಒಳಗೇ. ಮಗಳು ಕುಣಿದಳು. ಇವನು ಅದಕ್ಕೆ ಬೆನ್ನು ಮಾಡಿ ಕೂತ. "ಜೋಗ ನೋಡಿದ್ದೀನಿ" ಅಂದ. ಸಿದ್ದಾಪುರದಿಂದ ಜೋಗ ಹತ್ತಿರ, ಅವನಿಗೆ ಅದು ಅವನದೇ ಜಲಪಾತ. ಯಜಮಾನರ ಮುಖ ನೋಡಿದೆ. ಕೋಪ ಬಂದಿತ್ತು. ತಡೆದುಕೊಂಡು, "ಹೌದು, ಜೋಗದ ಮುಂದೆ ಇದೇನು" ಅಂದರು. ಅಷ್ಟೇ. ಅವತ್ತು ರಾತ್ರಿ ಮಗ ಊಟ ಸರಿಯಾಗಿ ಮಾಡಲಿಲ್ಲ.

ಎರಡನೇ ದಿನ ನಕ್ಷೆ ಅವನ ಕೈಗೆ ಕೊಟ್ಟೆವು. ಮೊದಲ ಸಲವೇ ತಪ್ಪು ದಿಕ್ಕಿನ ರೈಲು ಹತ್ತಿಸಿದ. ಯಾರೂ ಏನೂ ಅನ್ನಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಎದುರಿನದು ಹತ್ತಿದೆವು. ಅಲ್ಲಿ ಗೋಡೆಯ ಮೇಲೆ ಏನೇನು ಮಾಡಬಾರದು ಅನ್ನುವ ಫಲಕ ಇತ್ತು. ಅದರಲ್ಲಿ ಒಂದು ಚಿತ್ರ, ಮುಳ್ಳು ಮುಳ್ಳಿನ ಹಣ್ಣಿಗೆ ಅಡ್ಡಗೆರೆ. "ಅಮ್ಮಾ, ಹಲಸಿನ ಹಣ್ಣು ತರಬಾರದಂತೆ ಇಲ್ಲಿ!" ಅಂತ ಕೂಗಿದ. ಅದು ಡುರಿಯನ್, ವಾಸನೆ ಜೋರು ಅಂತ ರೈಲಿಗೆ ಬಿಡುವುದಿಲ್ಲ ಅಂತ ಅವನ ಅಪ್ಪ ಹೇಳಿದರು. ಅವನು ಒಪ್ಪಲಿಲ್ಲ. ಫೋಟೋ ತೆಗೆದು ಸಿದ್ದಾಪುರದ ಗುಂಪಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ಅಲ್ಲಿಂದ ಆರು ಉತ್ತರ. ಅಲ್ಲಿಂದ ಮುಂದೆ ಅವನು ಊರೆಲ್ಲ ಹುಡುಕಿದ್ದು ಅದನ್ನೇ. ಎಸ್‌ಪ್ಲನೇಡ್ ಅನ್ನುವ ರಂಗಮಂದಿರದ ಛಾವಣಿಯೂ ಹಾಗೇ ಮುಳ್ಳು ಮುಳ್ಳಾಗಿದೆ, ಅಲ್ಲಿಯವರೇ ಅದನ್ನು ಡುರಿಯನ್ ಅಂತ ಕರೆಯುತ್ತಾರಂತೆ. ಅದರ ಮುಂದೆ ತಾನಾಗಿಯೇ ಫೋಟೋಗೆ ನಿಂತ. ಇಡೀ ಪ್ರವಾಸದಲ್ಲಿ ಅವನು ನಗುತ್ತಿರುವ ಮೊದಲ ಫೋಟೋ ಅದು.

ಮಗಳಿಗೆ ಮೂರನೇ ದಿನ ಜ್ವರ ಬಂತು. ನಾನು ಅವಳ ಜೊತೆ ರೂಮಿನಲ್ಲೇ ಉಳಿದೆ. ಅಪ್ಪ ಮಗ ಇಬ್ಬರೇ ಹೊರಟರು. ಪುಂಗೋಲ್‌ವರೆಗೆ ಹೋಗಿ ಆ ಚಿಕ್ಕ ರೈಲಿನಲ್ಲಿ ಮೂರು ಸುತ್ತು ಹಾಕಿದರಂತೆ. ಮುಂದಿನ ಗಾಜಿನ ಹತ್ತಿರ ಯಜಮಾನರೂ ನಿಂತಿದ್ದರಂತೆ. ಇದನ್ನು ಹೇಳಿದ್ದು ಮಗ. ಏನು ಮಾತಾಡಿಕೊಂಡರು ಅಂತ ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕನೇ ದಿನ ಸಂಜೆ ಅವನು ಅತ್ತ. ಅಣ್ಣನ ಮಕ್ಕಳು ವಿಡಿಯೋ ಕಾಲ್ ಮಾಡಿದ್ದರು. ಊರಲ್ಲಿ ಮಳೆ ಬಂದು ಎಲ್ಲರೂ ಅಂಗಳದಲ್ಲಿ ನೆನೆಯುತ್ತಿದ್ದರು. ನನಗೆ ತಡೆಯಲು ಆಗಲಿಲ್ಲ, ನಾನೂ ಅತ್ತೆ. ಅವತ್ತು ಗಾರ್ಡನ್ಸ್ ಬೈ ದ ಬೇ ದೀಪದ ಆಟಕ್ಕೆ ಹೋಗಬೇಕಿತ್ತು. ತಡವಾಗಿ 8.45ರ ಆಟಕ್ಕೆ ಹೋದೆವು. ಆ ದೊಡ್ಡ ಕಬ್ಬಿಣದ ಮರಗಳ ಕೆಳಗೆ ಎಲ್ಲರೂ ಮಲಗಿ ನೋಡುತ್ತಿದ್ದರು. ನಾವೂ ಮಲಗಿದೆವು. ಚೆನ್ನಾಗಿತ್ತು.

ಕೊನೆಯ ದಿನ ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಗೆ ಹೋದೆವು. ಒಂದು ಅಂಗಡಿಯಲ್ಲಿ ಹಲಸಿನ ತೊಳೆ ಬಿಡಿಸಿ ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದರು. ಮಗ ಬೆಲೆ ಓದಿದ, ರೂಪಾಯಿಗೆ ಲೆಕ್ಕ ಹಾಕಿದ, ಆಮೇಲೆ ತೊಳೆ ಎಣಿಸಿದ. ನಿಂತ ಜಾಗದಿಂದಲೇ ಅಜ್ಜಿಗೆ ಫೋನ್ ಮಾಡಿಸಿದ. "ಅಜ್ಜಿ, ಇಲ್ಲಿ ಆರು ತೊಳೆಗೆ ಎಷ್ಟು ಗೊತ್ತಾ? ನಮ್ಮ ಮರ ಇಲ್ಲಿರಬೇಕಿತ್ತು!" ಅಂದ. ಅಜ್ಜಿ ಬೆಲೆ ಕೇಳಿ ಏನೂ ಹೇಳಲಿಲ್ಲ. "ಬಕ್ಕೆಯೇನೋ ಅದು?" ಅಂತ ಕೇಳಿದರು. ಗಟ್ಟಿ ತೊಳೆಯ ಹಲಸಿಗೆ ನಮ್ಮಲ್ಲಿ ಬಕ್ಕೆ ಅನ್ನುತ್ತಾರೆ. ಇವನಿಗೆ ನೋಡಿದರೆ ಗೊತ್ತಾಗಲಿಲ್ಲ. ಯಜಮಾನರು ಒಂದು ಡಬ್ಬಿ ಕೊಂಡು ಬಿಚ್ಚಿ ಕೊಟ್ಟರು.

ಸೆಂಗ್‌ಕಾಂಗ್_ಕನ್ನಡಿಗ
ಮೇ 28, ರಾತ್ರಿ 10.25

ಅಕ್ಕ, ತಿಂದು ನೋಡಿದನಾ? ಇಲ್ಲಿ ಡಬ್ಬಿಯಲ್ಲಿ ಬರುವುದು ಗಟ್ಟಿ ತೊಳೆಯದು.

ಮೈಸೂರು_ಅಮ್ಮ
ಮೇ 28, ರಾತ್ರಿ 10.40

ತಿಂದ ಸರ್. ಬಕ್ಕೆ ಅಂತಲೇ ಅಜ್ಜಿಗೆ ಹೇಳಿದ. ಬೀಜ ಕರವಸ್ತ್ರದಲ್ಲಿ ಕಟ್ಟಿಕೊಂಡು ಊರಿಗೆ ತರುತ್ತೇನೆ ಅಂದ. ಬೀಜ ಹಾಗೆಲ್ಲ ತರಬಾರದು ಅಂತ ಅವನ ಅಪ್ಪ ಬಿಡಿಸಿ ಹೇಳಿದರು. ಚಾಂಗಿಯಲ್ಲಿ ಕಸದ ಬುಟ್ಟಿ ಹತ್ತಿರ ತುಂಬಾ ಹೊತ್ತು ನಿಂತಿದ್ದ, ಆಮೇಲೆ ಹಾಕಿ ಬಂದ.